ಟ್ಯಾಂಕಿಗೂ ಉಸಿರು ಬೇಕು

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರೆ ಧಾರೆಯಾಗಿ ಇಳಿಯುತ್ತದೆ. ಹೊರಗೆ ಹೋದ ಎಣ್ಣೆಯ ಜಾಗಕ್ಕೆ ಗಾಳಿ ಒಳಗೆ ಬರಬೇಕು, ಅಷ್ಟೆ. ಕಾರಿನ ಪೆಟ್ರೋಲ್ ಟ್ಯಾಂಕಿಗೂ ಇದೇ ನಿಯಮ. ಆದರೆ ಅಲ್ಲಿ ಈ ಎರಡನೆಯ ತೂತು ಸುಮಾರು ಮುಕ್ಕಾಲು ಶತಮಾನ ತಜ್ಞರ ತಲೆ ತಿಂದಿತು.

ಮೊದಲ ಕಾರುಗಳಲ್ಲಿ ಹಲವು ಮನೆಯ ಹಿತ್ತಲಲ್ಲೇ ಹುಟ್ಟಿದವು. ಹೆನ್ರಿ ಫೋರ್ಡ್ 1896ರಲ್ಲಿ ಡೆಟ್ರಾಯಿಟ್‌ನ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿದ ಗಾಡಿ ಬಾಗಿಲಲ್ಲಿ ಹಿಡಿಸದೆ, ಗೋಡೆ ಒಡೆದೇ ಅದನ್ನು ಹೊರಗೆ ತರಬೇಕಾಯಿತು. ಅದರ ಟ್ಯಾಂಕು ಆಸನದ ಕೆಳಗಿತ್ತು. 1908ರಲ್ಲಿ ಬಂದ ಆತನ ‘ಮಾಡೆಲ್ ಟಿ’ಗೂ ಪಂಪ್ ಇರಲಿಲ್ಲ. ಪೆಟ್ರೋಲ್ ತನ್ನ ಭಾರದಿಂದಲೇ ಎಂಜಿನ್ನಿಗೆ ಹರಿಯುತ್ತಿತ್ತು, ಮುಚ್ಚಳದ ಸಣ್ಣ ರಂಧ್ರದಿಂದ ಗಾಳಿ ಒಳಬರುತ್ತಿತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರು ಸಿಕ್ಕರೆ ಎಂಜಿನ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಹರಿವು ನಿಲ್ಲುತ್ತಿತ್ತು. ಆಗ ಚಾಲಕರು ಗಾಡಿಯನ್ನು ಹಿಮ್ಮುಖವಾಗಿ ಹತ್ತಿಸುತ್ತಿದ್ದರು.

ಮುಂದೆ ಪಂಪ್ ಬಂದು ಈ ತೊಂದರೆ ನೀಗಿತು; ಟ್ಯಾಂಕನ್ನು ಎಂಜಿನ್ನಿನಿಂದ ದೂರ, ಕಾರಿನ ಹಿಂಭಾಗದಲ್ಲಿ ಇಡುವುದು ಸಾಧ್ಯವಾಯಿತು. ಬ್ರಿಟನ್ನಿನ ಕಾಲಿನ್ ಚಾಪ್‌ಮನ್ 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ತನ್ನ ಮೊದಲ ಕಾರು ಕಟ್ಟಿದ. 1957ರಲ್ಲಿ ಬಂದ ಆತನ ‘ಲೋಟಸ್ ಸೆವೆನ್’ ಬಿಡಿ ಭಾಗಗಳಾಗಿಯೂ ಸಿಗುತ್ತಿತ್ತು. ಪೂರ್ತಿ ಕಾರಿಗೆ ಬೀಳುವ ಖರೀದಿ ತೆರಿಗೆ ಬಿಡಿ ಭಾಗಗಳಿಗೆ ಇರಲಿಲ್ಲವಾದ್ದರಿಂದ ಅನೇಕರು ಮನೆಯಲ್ಲೇ ಜೋಡಿಸಿಕೊಂಡರು. 1973ರಲ್ಲಿ ತೆರಿಗೆ ಪದ್ಧತಿ ಬದಲಾಗಿ ಈ ಅನುಕೂಲ ತಪ್ಪಿತು.

ಇಷ್ಟಾದರೂ ಗಾಳಿಯ ರಂಧ್ರ ಬಯಲಿಗೇ ತೆರೆದಿತ್ತು. ಗಾಳಿ ಒಳಬರುವ ದಾರಿಯಲ್ಲೇ ಪೆಟ್ರೋಲಿನ ಆವಿ ಹೊರಹೋಗುತ್ತದೆ. ಬಿಸಿಲಿನಲ್ಲಿ ನಿಂತ ಕಾರೂ ಆವಿ ಬಿಡುತ್ತಲೇ ಇರುತ್ತದೆ. ಲಾಸ್ ಏಂಜಲೀಸ್ ನಗರವನ್ನು ಕವಿದು ಕಣ್ಣು ಉರಿಸುತ್ತಿದ್ದ ಹೊಗೆಮಂಜಿಗೆ ಇಂಥ ಆವಿ, ಎಂಜಿನ್ ಹೊಗೆ ಮತ್ತು ಬಿಸಿಲು ಸೇರಿ ಕಾರಣವಾಗುತ್ತವೆ ಎಂದು ರಸಾಯನ ವಿಜ್ಞಾನಿ ಆರಿ ಹಾಗೆನ್‌ಸ್ಮಿಟ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾ 1970ರ ಮಾದರಿಯ ಕಾರುಗಳಿಂದ ಆವಿ ತಡೆಯುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು; ಮರುವರ್ಷ ಅದು ಇಡೀ ಅಮೆರಿಕಕ್ಕೆ ಬಂತು. ಉತ್ತರ ಸರಳವಾಗಿತ್ತು: ಒಂದು ಡಬ್ಬಿ ಇದ್ದಿಲು. ವಿಶೇಷವಾಗಿ ತಯಾರಿಸಿದ ಈ ಇದ್ದಿಲು ಆವಿಯನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಅದೇ ಆವಿಯನ್ನು ಎಳೆದು ಉರಿಸುತ್ತದೆ.

ಕಾರ್ಖಾನೆಯ ಕಾರಿನಲ್ಲಿ ಇದೆಲ್ಲ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲೇ ಕಾರು ಕಟ್ಟುವವನು ಮಾತ್ರ ಈ ಪಾಠವನ್ನು ಮೊದಲಿನಿಂದ ಕಲಿಯಬೇಕು. ರಂಧ್ರ ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಪೆಟ್ರೋಲ್ ಇದ್ದೂ ಎಂಜಿನ್ ನಿಲ್ಲುತ್ತದೆ. ಸುಮ್ಮನೆ ತೆರೆದಿಟ್ಟರೆ ಕಾರು ಮಗುಚಿದಾಗ ಅಲ್ಲಿಂದಲೇ ಪೆಟ್ರೋಲ್ ಸುರಿಯುತ್ತದೆ. ಅದಕ್ಕಾಗಿ ಮಗುಚಿದ ಕೂಡಲೇ ಮುಚ್ಚಿಕೊಳ್ಳುವ ವಾಲ್ವ್ ಬೇಕು. ಕೊಳವೆಯ ತುದಿ ಡಿಕ್ಕಿಯೊಳಗೆ ಬಂದರಂತೂ ಅಪಾಯ ಖಂಡಿತ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ತಗ್ಗಿನಲ್ಲಿ ಸೇರಿ ಒಂದು ಕಿಡಿಗಾಗಿ ಕಾಯುತ್ತದೆ.

ಕಾರು ಕಟ್ಟುವವರ ಹೆಮ್ಮೆ ಸಾಮಾನ್ಯವಾಗಿ ಎಂಜಿನ್ನಿನ ಮೇಲಿರುತ್ತದೆ. ಒಳಗೆ ಕೂತವರ ಪ್ರಾಣ ಮಾತ್ರ ಬೆರಳು ಗಾತ್ರದ ಕೊಳವೆಯೊಂದರ ಮೇಲಿರುತ್ತದೆ.