ಬಯಲಾಟದ ರಂಗಸ್ಥಳ ಮತ್ತು ತಾಲೀಮು: ಗೋಕಾಕ ಸೀಮೆ

ಊರವರೇ ಅಟ್ಟ ಕಟ್ಟಿ, ಊರವರೇ ಖರ್ಚು ಹೊತ್ತು, ಟಿಕೇಟಿಲ್ಲದೆ ರಾತ್ರಿಯಿಡೀ ಆಡಿಸುವ ಆಟಗಳ ಪರಂಪರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಹಳೆಯದು. ಆಡುವ ಜಾಗ ರಂಗಸ್ಥಳ. ಆಡುವವರನ್ನು ತಯಾರು ಮಾಡುವ ಕಲಿಕೆ ತಾಲೀಮು. ಇವೆರಡಕ್ಕೂ ಕಟ್ಟಡವಾಗಲಿ, ನೋಂದಾಯಿತ ಸಂಘವಾಗಲಿ ಬೇಕಿರಲಿಲ್ಲ, ಊರೇ ಸಂಸ್ಥೆಯಾಗಿತ್ತು. ಮೂಡಲಗಿ ಪ್ರತ್ಯೇಕ ತಾಲೂಕಾದದ್ದು ಇತ್ತೀಚೆಗೆ. ಆದ್ದರಿಂದ ಹಳೆಯ ಬರಹಗಳಲ್ಲಿ ಕುಲಗೋಡದಂಥ ಊರುಗಳೆಲ್ಲ ಗೋಕಾಕ ತಾಲೂಕಿನವೆಂದೇ ಕಾಣುತ್ತವೆ.

ಉತ್ತರ ಕರ್ನಾಟಕದ ಬಯಲಾಟದಲ್ಲಿ ಮುಖ್ಯವಾಗಿ ದೊಡ್ಡಾಟ, ಸಣ್ಣಾಟ ಎಂಬ ಎರಡು ಬಗೆಗಳಿವೆ. ದೊಡ್ಡಾಟದ್ದು ಪುರಾಣದ ವೀರಕಥೆ. ಕಿರೀಟ, ಭುಜಕೀರ್ತಿ, ಎದೆಹಲಗೆಗಳ ಭಾರವಾದ ವೇಷ, ಬಿರುಸಾದ ಕುಣಿತ, ಏರುಧ್ವನಿಯ ಮಾತು. ಸಣ್ಣಾಟ ನಿತ್ಯದ ಉಡುಗೆಗೆ, ಆಡುಮಾತಿಗೆ ಹತ್ತಿರ. ರಾಧಾನಾಟ, ಬೈಲಹೊಂಗಲದ ಘಟನೆಯನ್ನು ಆಧರಿಸಿದ್ದೆಂದು ಹೇಳಲಾಗುವ ಸಂಗ್ಯಾ ಬಾಳ್ಯಾ ಇದರ ಹೆಸರಾದ ಆಟಗಳು. ಶ್ರೀಕೃಷ್ಣ ಪಾರಿಜಾತವನ್ನು ಕೆಲವರು ಸಣ್ಣಾಟದ ಸಾಲಿಗೇ ಸೇರಿಸುತ್ತಾರೆ, ಕೆಲವರು ಅದೇ ಒಂದು ಬಗೆ ಎನ್ನುತ್ತಾರೆ. ಕಥೆ ಪುರಾಣದ್ದು, ಆಡುವ ರೀತಿ ಮನೆಯೊಳಗಿನ ಜಗಳದ್ದು. ಹೀಗಾಗಿ ಎರಡನೆಯ ಅಭಿಪ್ರಾಯವೇ ಹೆಚ್ಚು ಒಪ್ಪುವಂಥದ್ದು.

ಗೋಕಾಕ ಸೀಮೆಯ ಹೆಸರು ನಾಡಿನ ರಂಗಭೂಮಿಯಲ್ಲಿ ನಿಂತಿರುವುದು ಪಾರಿಜಾತದಿಂದ. ಮೂಲಕೃತಿ ಅಪರಾಳ ತಮ್ಮಣ್ಣನದು. ಅದನ್ನು ತಿದ್ದಿ, ಹಾಡು ಮಾತು ಕೂಡಿಸಿ, ಆಡಲು ಬರುವಂತೆ ಮಾಡಿ ಹಳ್ಳಿಹಳ್ಳಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣ. ಹೆಸರು ಒಂದೇ ಆದ ಕಾರಣ ಇಬ್ಬರನ್ನೂ ಒಬ್ಬನೆಂದು ತಿಳಿಯುವುದುಂಟು. ನಾರದ ತಂದುಕೊಟ್ಟ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಮುಡಿಸುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ. ಆಕೆಯನ್ನು ಸಂತೈಸುವುದರಲ್ಲೇ ಇರುಳು ಕಳೆಯುತ್ತದೆ. ತೆಲುಗಿನಲ್ಲಿ ನಂದಿ ತಿಮ್ಮನ ಎಂಬ ಕವಿ ಇದೇ ಪ್ರಸಂಗವನ್ನು ಕಾವ್ಯವಾಗಿಸಿದ್ದಾನೆ, ಕೂಚಿಪುಡಿಯ ಭಾಮಾಕಲಾಪದ ನಾಯಕಿಯೂ ಈ ಸತ್ಯಭಾಮೆಯೇ. ಆದರೆ ಕುಲಗೋಡದ ಭಾಮೆ ಅರಮನೆಯ ಹೆಂಗಸಿನಂತೆ ಮಾತಾಡುವುದಿಲ್ಲ. ಸವತಿ ಮತ್ಸರದಲ್ಲಿ ಬೆಂದ ಹಳ್ಳಿಯ ಗೃಹಿಣಿಯ ಗಡಸು, ಕೊಂಕು, ಅಳು ಎಲ್ಲವೂ ಅವಳ ಮಾತಿನಲ್ಲಿವೆ. ನಡುನಡುವೆ ಮರಾಠಿ, ಹಿಂದುಸ್ತಾನಿ ಮಾತುಗಳೂ ನುಸುಳುತ್ತವೆ; ಗಡಿಸೀಮೆಯ ಪ್ರೇಕ್ಷಕರಿಗೆ ಅದು ಹೊಸದೇನಲ್ಲ.

ಆಟವನ್ನು ನಡೆಸುವವನು ಭಾಗವತ. ಹಾಡು ಎತ್ತಿಕೊಡುವುದು, ಬಂದ ಪಾತ್ರವನ್ನು ಮಾತಾಡಿಸಿ ಅದರ ಹೆಸರು, ಊರು, ಬಂದ ಕಾರಣ ಹೊರಡಿಸುವುದು, ಕಥೆ ಮುಂದಕ್ಕೆ ತಳ್ಳುವುದು, ನಗಿಸುವುದು ಎಲ್ಲ ಅವನ ಹೊಣೆ. ಬರೆದ ಪಠ್ಯದಲ್ಲಿ ಪದಗಳಿರುತ್ತವೆ. ಅವುಗಳ ನಡುವಿನ ಮಾತು ಬಹುಪಾಲು ಆ ಕ್ಷಣದ ಸೃಷ್ಟಿ. ಪೇಟಿ, ತಬಲಾ, ತಾಳ ಹಿಮ್ಮೇಳದ ವಾದ್ಯಗಳು. ಈ ಹಾಡುಗಳ ನಂಟು ಮರಾಠಿ ರಂಗಭೂಮಿಗೂ ಇದೆ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಹುಟ್ಟಿದ್ದು ಇದೇ ಭಾಗದ ಗುರ್ಲಹೊಸೂರಿನಲ್ಲಿ. ಅವರ ನಾಟಕದ ಹಾಡುಗಳಲ್ಲಿ ಕನ್ನಡದ ಮಟ್ಟುಗಳಿವೆ ಎಂಬುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಮರಾಠಿ ರಂಗಭೂಮಿಯಿಂದ ಕನ್ನಡ ಪಡೆದದ್ದರ ಚರ್ಚೆ ನಡೆದಷ್ಟು ಕನ್ನಡದ ಬಯಲಾಟ ಅದಕ್ಕೆ ಕೊಟ್ಟದ್ದರ ಚರ್ಚೆ ನಡೆದಿಲ್ಲ.

ದೊಡ್ಡಾಟದಲ್ಲಿ ಹೆಣ್ಣು ಪಾತ್ರಗಳನ್ನು ಗಂಡಸರೇ ಕಟ್ಟುವ ರೂಢಿ. ಸಣ್ಣಾಟ, ಪಾರಿಜಾತಗಳ ರಂಗಕ್ಕೆ ಹೆಂಗಸರು ಬಂದರು, ಅವರಲ್ಲಿ ಅನೇಕರು ದೇವದಾಸಿ ಮನೆತನಗಳವರು. ಕೌಜಲಗಿ ನಿಂಗಮ್ಮ ಇವರಲ್ಲಿ ಅಗ್ರಗಣ್ಯೆ. ಪಾರಿಜಾತ ಎಂದರೆ ನಿಂಗಮ್ಮ ಎನ್ನುವಷ್ಟು ಅವಳ ಹೆಸರು ಆಟದೊಂದಿಗೆ ಬೆರೆತುಹೋಗಿದೆ. ರಂಗದ ಮೇಲೆ ಹಾಡಿ ಮೆಚ್ಚಿಸಿದ ಹೆಣ್ಣಿಗೆ ರಂಗದಾಚೆ ಅದೇ ಮರ್ಯಾದೆ ಸಿಗದ ಕಾಲ ಅದು ಎಂಬುದನ್ನು ಬಿಟ್ಟು ಅವಳ ಕೀರ್ತಿಯನ್ನಷ್ಟೇ ಹೇಳಿದರೆ ಚಿತ್ರ ಅರ್ಧವಾಗುತ್ತದೆ.

ರಂಗಸ್ಥಳಕ್ಕೆ ಗೊತ್ತಾದ ಜಾಗ ಸಾಮಾನ್ಯವಾಗಿ ಹನುಮಪ್ಪನ ಗುಡಿಯ ಮುಂದಿನ ಬಯಲು, ಇಲ್ಲವೆ ಅಗಸಿಯ ಒಳಗಿನ ಬಯಲು. ಕಂಬ ನೆಟ್ಟು, ಹಲಗೆ ಹಾಸಿ, ಮೇಲೆ ಚಪ್ಪರ ಹೊದಿಸಿದರೆ ಅಟ್ಟ ಸಿದ್ಧ. ಹಿಂದೆ ದೀವಟಿಗೆ, ಆಮೇಲೆ ಗ್ಯಾಸಬತ್ತಿ, ಈಗ ವಿದ್ಯುದ್ದೀಪ ಮತ್ತು ಧ್ವನಿವರ್ಧಕ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದ ಮೇಲೆ ಆಟಗಳ ಕಾಲ. ಹಣಕ್ಕಾಗಿ ಮನೆಮನೆಗೆ ಪಟ್ಟಿ ಎತ್ತುತ್ತಾರೆ. ಕೊಡಲು ರೊಕ್ಕವಿಲ್ಲದವರು ಕಾಳು ಕೊಡುತ್ತಾರೆ, ಇಲ್ಲವೆ ಕೆಲಸಕ್ಕೆ ಕೈ ಜೋಡಿಸುತ್ತಾರೆ. ಆಟ ನಡೆದಿರುವಾಗಲೇ ಮೆಚ್ಚಿದವರು ಪಾತ್ರಧಾರಿಗೆ ಆಯೇರಿ ಮಾಡುತ್ತಾರೆ, ಭಾಗವತ ಕೊಟ್ಟವರ ಹೆಸರು ಕೂಗಿ ಹೇಳುತ್ತಾನೆ. ಈ ಕೂಗಿನಿಂದ ಕಥೆ ತುಂಡಾಗುತ್ತದೆಂದು ಪೇಟೆಯ ಪ್ರೇಕ್ಷಕರು ಬೇಸರಪಡುವುದುಂಟು. ಹಳ್ಳಿಯಲ್ಲಿ ಅದೂ ಆಟದ ಭಾಗವೇ.

ಇದೇ ಜಿಲ್ಲೆ ವೃತ್ತಿ ನಾಟಕ ಕಂಪನಿಗಳಿಗೂ ನೆಲೆ. ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು (1914–2017) ಕಲಾವೈಭವ ನಾಟ್ಯ ಸಂಘದ ಮೂಲಕ ದಶಕಗಳ ಕಾಲ ನಾಟಕಗಳನ್ನು ಆಡಿಸಿದರು. ಕಂಪನಿ ನಡೆಯಲು ಟಿಕೇಟಿನ ಗಲ್ಲೆ ತುಂಬಬೇಕು, ನಟರಿಗೆ ಪಗಾರ ಕೊಡಬೇಕು. ಬಯಲಾಟದ ಲೆಕ್ಕ ಬೇರೆ. ಖರ್ಚಾದದ್ದು ಊರಿನದು, ಉಳಿದದ್ದು ಗುಡಿಗೆ ಅಥವಾ ಮುಂದಿನ ಆಟಕ್ಕೆ. ಹೊರಗಿನ ಮೇಳವನ್ನು ವೀಳ್ಯ ಕೊಟ್ಟು ಕರೆಸಿದಾಗ ಮಾತ್ರ ಸಂಭಾವನೆಯ ಮಾತು ಬರುತ್ತದೆ.

ತಾಲೀಮು ಆಟಕ್ಕಿಂತ ಒಂದೆರಡು ತಿಂಗಳು ಮುಂಚೆ ಆರಂಭವಾಗುತ್ತದೆ. ಹೊಲದ ಕೆಲಸ ಮುಗಿಸಿ, ಉಂಡು ಬಂದವರು ಗುಡಿಯ ಪಡಸಾಲೆಯಲ್ಲೋ ಯಾರದಾದರೂ ಮನೆಯ ಕಟ್ಟೆಯ ಮೇಲೋ ಸೇರುತ್ತಾರೆ. ಕಲಿಸುವವನು ಮಾಸ್ತರ. ಕೈಬರಹದ ವಹಿ ಅವನ ಬಳಿ ಇರುತ್ತದೆ. ಓದು ಬಾರದವರಿಗೆ ಅವನು ಸಾಲು ಹೇಳಿಕೊಡುತ್ತಾನೆ, ಅವರು ಕೇಳಿ ಬಾಯಿಪಾಠ ಮಾಡುತ್ತಾರೆ. ಮೊದಲು ತಾಳ, ಆಮೇಲೆ ಪದ, ಹೆಜ್ಜೆ, ಕೊನೆಗೆ ಮಾತು. ಹೊಸಬನಿಗೆ ತಕ್ಷಣ ಪಾತ್ರ ಸಿಗುವುದಿಲ್ಲ. ಹಿಮ್ಮೇಳದಲ್ಲಿ ನಿಂತು ಪದದ ಕೊನೆಯನ್ನು ಎತ್ತಿ ಹಾಡುತ್ತ ಹಾಡುತ್ತ ಅವನಿಗೆ ಇಡೀ ಆಟ ಕಿವಿಗೆ ಬಿದ್ದಿರುತ್ತದೆ. ಈ ಕ್ರಮದ ಬಲ ಇರುವುದು ಇಲ್ಲೇ: ತನ್ನ ಪಾತ್ರವೊಂದನ್ನೇ ಕಲಿತವನು ಎದುರಿನವನು ಮಾತು ಬದಲಿಸಿದರೆ ತಡವರಿಸುತ್ತಾನೆ, ಆಟವೆಲ್ಲ ಬಲ್ಲವನು ತಡವರಿಸುವುದಿಲ್ಲ. ಕುಂದೂ ಉಂಟು. ಮಾಸ್ತರ ತೀರಿಕೊಂಡರೆ ವಹಿ ಉಳಿದರೂ ಮಟ್ಟು ಹೋಗುತ್ತದೆ.

ಈ ಪರಂಪರೆಯನ್ನು ವಿಶ್ವವಿದ್ಯಾಲಯಕ್ಕೂ ಆಧುನಿಕ ನಾಟಕಕ್ಕೂ ಮುಟ್ಟಿಸಿದವರು ಚಂದ್ರಶೇಖರ ಕಂಬಾರ. 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಓದಿದ ಅವರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡರು, ಸಂಗ್ಯಾ ಬಾಳ್ಯಾವನ್ನು ಸಂಪಾದಿಸಿದರು. 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೆ ಬಂದ ಅವರ ‘ಜೋಕುಮಾರಸ್ವಾಮಿ’ಯಲ್ಲಿ ಬಯಲಾಟದ ಹಿಮ್ಮೇಳ, ಸೂತ್ರಧಾರ, ಆರಂಭದ ಸ್ತುತಿ ಎಲ್ಲ ಇವೆ, ಸ್ತುತಿಯಲ್ಲಿ ಗಣಪತಿಯ ಸ್ಥಾನಕ್ಕೆ ಜನಪದ ದೈವ ಜೋಕುಮಾರ ಬಂದಿದ್ದಾನೆ, ಅಷ್ಟೇ. ಕಂಬಾರರು ಮುಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ರಾಷ್ಟ್ರೀಯ ನಾಟಕ ಶಾಲೆಯ ಅಧ್ಯಕ್ಷರಾಗಿದ್ದರು, 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದರು.

ಸರಕಾರದ ಕಡೆಯಿಂದ ಬಯಲಾಟವನ್ನು ನೋಡಿಕೊಳ್ಳಲು ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಜನಪದ ಕಲೆಗಳ ಅಧ್ಯಯನ ನಡೆಯುತ್ತದೆ. ತರಬೇತಿ ಶಿಬಿರ, ಉತ್ಸವ, ಮಾಸಾಶನ, ಪ್ರಶಸ್ತಿಗಳ ಮೂಲಕ ಕಲಾವಿದರಿಗೆ ನೆರವು ಸಿಕ್ಕಿದೆ. ಶಿಬಿರದ ಅವಧಿ ಚಿಕ್ಕದು, ಉತ್ಸವದ ವೇದಿಕೆಯಲ್ಲಿ ಸಿಗುವ ಸಮಯ ಇನ್ನೂ ಚಿಕ್ಕದು. ಹಾಗಾಗಿ ಇರುಳೆಲ್ಲ ಹರಿಯಬೇಕಾದ ಪಾರಿಜಾತ ಅಲ್ಲಿ ಭಾಮೆಯ ಮುನಿಸಿನ ಕೆಲವು ಪದಗಳಿಗೆ ಇಳಿಯುತ್ತದೆ, ಮೊದಲು ಕತ್ತರಿ ಬೀಳುವುದು ಭಾಗವತನ ಮಾತಿಗೆ. ಹೆಣ್ಣುಮಕ್ಕಳು ಮನೆತನದ ಹಂಗಿಲ್ಲದೆ ಈ ಆಟ ಕಲಿಯಲು ಬಂದದ್ದು ಮಾತ್ರ ಬಹುಮಟ್ಟಿಗೆ ಇಂಥ ಶಿಬಿರಗಳಿಂದಲೇ. ಪೂರ್ಣ ಆಟಗಳು ಈಗಲೂ ನಡೆಯುವುದು ಜಾತ್ರೆಗಳಲ್ಲಿ. ಅವುಗಳ ತಾಲೀಮು ಹಿಂದಿನಂತೆಯೇ ಊರಿನ ಮಾಸ್ತರರ ಕೈಯಲ್ಲಿದೆ.