ಗಾರೆ ಬೇಕು ಅಂದವನ ಮಾತು: ನಮ್ಮೂರಿನ ಮೂರು ‘ವರ್ಕ್‌ಪ್ಲೇಸ್’ ಕಥೆ

📍 ಹೊಸಪೇಟೆ | ಕ್ಯಾಪ್ಶನ್ ಉದ್ದ ಇದೆ, ಕಾಮೆಂಟಲ್ಲಿ ಮುಂದುವರಿಯುತ್ತೆ. ಪೂರ್ತಿ ಓದಿ.

1/7
ಪ್ಲೇಸ್‌ಮೆಂಟ್ ಸೀಸನ್ ಬಂತು ಅಂದ್ರೆ ಕ್ಲಾಸ್ ಗ್ರೂಪಿನಲ್ಲಿ ಒಂದೇ ಪ್ರಶ್ನೆ: “ಆ ಕಂಪನಿ ಕಲ್ಚರ್ ಹೆಂಗೈತಿ?” ದೊಡ್ಡ ಕಂಪನಿ ಆದ್ರೆ ಯಾರಾದ್ರೂ ಸೀನಿಯರ್ ಸಿಗ್ತಾರೆ, ಹೇಳ್ತಾರೆ. ಮೂವತ್ತು-ನಲವತ್ತು ಜನ ಇರೋ ಸಣ್ಣ ಟೆಕ್ ಕನ್ಸಲ್ಟಿಂಗ್ ಕಂಪನಿ ಆದ್ರೆ ಕೇಳೋಕೆ ಯಾರೂ ಇರಲ್ಲ. “ನಮ್ಮೂರಾಗ ಟೆಕ್ ಕಂಪನಿನೇ ಇಲ್ಲ, ನಮಗೇನು ಗೊತ್ತಾಗುತ್ತೆ” ಅಂತಾರೆ ಬಹಳ ಜನ.

ಟೆಕ್ ಅಂದ್ರೆ ಬರೀ ಕಂಪ್ಯೂಟರ್ ಅಂದುಕೊಂಡ್ರೆ ಈ ಮಾತು ಸರಿ. ಆದ್ರೆ ನೀರು ನಿಲ್ಲಿಸೋದೂ ಒಂದು ಟೆಕ್ನಾಲಜಿನೇ, ಅದ್ರಲ್ಲಿ ನಮ್ಮೂರಿಗೆ 500 ವರ್ಷದ ಅನುಭವ ಇದೆ. ಕನ್ಸಲ್ಟೆಂಟ್ ಇದ್ದ, ಕ್ಲೈಂಟ್ ಇದ್ದ, ಡೆಡ್‌ಲೈನ್ ಇತ್ತು, ಕೆಲಸ ಕಳಕೊಂಡವರೂ ಇದ್ರು. ಈ ವಾರ ಆ ಕಥೆ.

2/7
ಮೊದಲನೇದು, ರಾಯರ ಕೆರೆ. ಸುಮಾರು 1520. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ದೊಡ್ಡ ಕೆರೆ ಕಟ್ಟಿಸ್ತಾ ಇದ್ದ. ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರು ಕಡೆ ಹೋಗುವಾಗ ಸಿಗೋ ಹಳೇ ಏರಿಯೇ ಅದು ಅಂತ ಇತಿಹಾಸಕಾರ ರಾಬರ್ಟ್ ಸೀವೆಲ್ ಗುರುತಿಸಿದ್ದಾನೆ.

ಆ ಕೆಲಸವನ್ನ ಕಣ್ಣಾರೆ ನೋಡಿದವನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಹದಿನೈದು-ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕಾಣ್ತಿದ್ರು, ನೆಲವೇ ಕಾಣಿಸ್ತಿರಲಿಲ್ಲ ಅಂತ ಬರೆದಿದ್ದಾನೆ. ರಾಜ ಕೆಲಸವನ್ನ ಭಾಗ ಮಾಡಿ ತನ್ನ ನಾಯಕರಿಗೆ ಹಂಚಿದ್ದ. ತನ್ನ ಕೈಕೆಳಗಿನ ಜನರಿಂದ ಕೆಲಸ ತೆಗೆಸೋದು ಒಬ್ಬೊಬ್ಬ ನಾಯಕನ ಜವಾಬ್ದಾರಿ. ಇವತ್ತಿನ ಟೀಮ್ ಲೀಡ್ ಇದ್ದಂಗೆ ಅನ್ಕೊಳ್ಳಿ.

ಆದ್ರೆ ಏರಿ ನಿಲ್ಲಲಿಲ್ಲ. ಎರಡು-ಮೂರು ಸಲ ಒಡೀತು.

3/7
ಕೆಲವು ವರ್ಷ ಆದ್ಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ್, ಫೆರ್ನಾವೊ ನೂನಿಜ್. ಅವನು ಹೇಳೋ ಪ್ರಕಾರ ಗೋವಾದ ಪೋರ್ಚುಗೀಸ್ ಗವರ್ನರ್ ಒಬ್ಬ ಕಲ್ಲುಕೆಲಸದ ಮೇಸ್ತ್ರಿಯನ್ನ ಕಳಿಸಿಕೊಟ್ಟಿದ್ದ. ಹೆಸರು ಜೊವಾವ್ ದೆ ಲಾ ಪೊಂತೆ. ನಮ್ಮೂರಿಗೆ ಹೊರಗಿನಿಂದ ಬಂದ ಟೆಕ್ನಾಲಜಿ ಕನ್ಸಲ್ಟೆಂಟ್! ಅವನು ಸುಣ್ಣದ ಗೂಡು ಹಾಕಿಸಿ, ಗಾರೆ ಬೇಕು ಅಂದ. ರಾಜ ನಕ್ಕುಬಿಟ್ಟ. ಕಣಿವೆಗೆ ಕಲ್ಲು ಉರುಳಿಸಿ ತುಂಬಿ ಅಂತ ಹುಕುಂ ಆಯ್ತು. ತುಂಬಿದ್ದೆಲ್ಲ ಕುಸಿದು ಹೋಯ್ತು.

ಇಲ್ಲಿ ಸ್ವಲ್ಪ ಹುಷಾರಾಗಿ ಓದಬೇಕು. ಈ ನಾಡಿನವರಿಗೆ ಸುಣ್ಣದ ಬಳಕೆನೇ ಗೊತ್ತಿಲ್ಲ ಅಂತ ನೂನಿಜ್ ಬರೀತಾನೆ. ಅದು ಜಂಬ. ಹಂಪಿಗೆ ಹೋಗಿ ಗೋಪುರದ ಕಡೆ ತಲೆ ಎತ್ತಿ ನೋಡಿ: ಇಟ್ಟಿಗೆ, ಗಾರೆ, ಗಾರೆಯಲ್ಲೇ ಮಾಡಿದ ಬೊಂಬೆಗಳು. ವಿಜಯನಗರ ಕಾಲದ ತುರ್ತಾ, ಬಸವಣ್ಣ, ರಾಮಸಾಗರ, ಕಂಪ್ಲಿ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರೀತಿದೆ. ಅಂದ್ರೆ ಗೊತ್ತಿದ್ದ ಜನ ಇಲ್ಲೇ ಇದ್ರು. ಹೊರಗಿನವನು ಅವರನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ, ರಾಜ ಹೊರಗಿನವನ ಮಾತು ತಗೊಳ್ಳಲಿಲ್ಲ. ಆ ಇಪ್ಪತ್ತು ಸಾವಿರ ಜನರಲ್ಲಿ ಒಬ್ಬರನ್ನಾದ್ರೂ ಯಾರಾದ್ರೂ ಕೇಳಿದ್ರು ಅನ್ನೋ ಸುದ್ದಿ ಇಬ್ಬರ ಬರಹದಲ್ಲೂ ಇಲ್ಲ.

ಕೆರೆ ಒಡೆದಿದ್ದಕ್ಕೆ ಬೆಲೆ ಕೊಟ್ಟವರು ಯಾರು? ದೇವರಿಗೆ ಬಲಿ ಬೇಕು ಅಂತ ತೀರ್ಮಾನ ಆಯ್ತು. ಅರವತ್ತು ಜನರ ತಲೆ ತೆಗೆಸಿದ್ರು ಅಂತ ಪಾಯೆಸ್ ಬರೀತಾನೆ. ಮರಣದಂಡನೆಗೆ ಅರ್ಹರಾದ ಕೈದಿಗಳು ಅಂತ ನೂನಿಜ್ ಬರೀತಾನೆ. ತಪ್ಪು ಪ್ಲಾನಿನದು, ತಲೆ ಹೋಗಿದ್ದು ಪ್ಲಾನಿನಲ್ಲಿ ಮಾತೇ ಇಲ್ಲದವರದು.

4/7
ಎರಡನೇ ಜಾಗ ಎಲ್ಲರಿಗೂ ಗೊತ್ತು, ಟಿ.ಬಿ. ಡ್ಯಾಮ್. 1945ರ ಫೆಬ್ರವರಿಯಲ್ಲಿ ಅಡಿಗಲ್ಲು. ಒಂದು ದಂಡೆ ಮದ್ರಾಸ್ ಸರ್ಕಾರದ್ದು, ಇನ್ನೊಂದು ಹೈದರಾಬಾದ್ ನಿಜಾಮರದ್ದು. ಎರಡು ಸರ್ಕಾರ, ಎರಡು ಆಫೀಸು, ಕಟ್ಟಬೇಕಾದ್ದು ಒಂದೇ ಗೋಡೆ! ಮದ್ರಾಸ್ ಕಡೆಯ ಕೆಲಸದ ಮುಂದಾಳು ಎಂಜಿನಿಯರ್ ತಿರುಮಲೆ ಅಯ್ಯಂಗಾರ್. ನಡುವೆ ಸ್ವಾತಂತ್ರ್ಯ ಬಂತು, ನಿಜಾಮರ ರಾಜ್ಯ ಹೋಯ್ತು, ಕೆಲಸ ಮಾತ್ರ ನಿಲ್ಲಲಿಲ್ಲ. 1953ರಲ್ಲಿ ಕಾಲುವೆಗೆ ನೀರು ಬಿಟ್ರು.

ಇನ್ನೊಂದು ವಿಷಯ ಕೇಳಿ. ಈ ಡ್ಯಾಮಿನ ಕಲ್ಲುಗಳನ್ನ ಹಿಡಿದಿಟ್ಟಿರೋದು ಸಿಮೆಂಟ್ ಅಲ್ಲ, ಸುಣ್ಣ ಮತ್ತು ಸುರ್ಕಿ ಗಾರೆ. ಸುರ್ಕಿ ಅಂದ್ರೆ ಸುಟ್ಟ ಇಟ್ಟಿಗೆಯ ಪುಡಿ. 1520ರಲ್ಲಿ ನಗೆಪಾಟಲಾದ ಅದೇ ಗಾರೆ ಕೆಲವೇ ಮೈಲಿ ದೂರದಲ್ಲಿ 70 ವರ್ಷದಿಂದ ತುಂಗಭದ್ರೆಯನ್ನ ತಡೆದು ನಿಲ್ಲಿಸಿದೆ.

5/7
ಮೂರನೇ ಜಾಗ ನಮ್ಮ ವಯಸ್ಸಿನವರಿಗೆ ಅಷ್ಟಾಗಿ ಗೊತ್ತಿಲ್ಲ: ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಊರವರ ಬಾಯಲ್ಲಿ ಟಿಎಸ್‌ಪಿ. ಡ್ಯಾಮಿನ ಬೆನ್ನಿಗೇ ಬೆಳೆದು 1960ರಲ್ಲಿ ಎರಡು ರಾಜ್ಯಗಳ ಜಂಟಿ ಕಂಪನಿ ಆಯ್ತು. ಆಮೇಲೆ ಕೇಂದ್ರ ಸರ್ಕಾರದ ಕೈಗೆ ಹೋಯ್ತು. ಡ್ಯಾಮ್ ಗೇಟು, ಅದನ್ನ ಎತ್ತೋ ಯಂತ್ರ, ಕ್ರೇನು, ದೊಡ್ಡ ನೀರಿನ ಪೈಪು ಇವೇ ಅದರ ಕಸುಬು.

ಗೇಟು ಅಂಗಡಿಯಲ್ಲಿ ಸಿಗೋ ಮಾಲಲ್ಲ. ಪ್ರತಿ ಡ್ಯಾಮಿಗೂ ಬೇರೆ ಲೆಕ್ಕ, ಬೇರೆ ಡ್ರಾಯಿಂಗ್. ವರ್ಕ್‌ಶಾಪಲ್ಲಿ ಮಾಡಿ, ಜೋಡಿಸಿ ನೋಡಿ, ಸೈಟಿಗೆ ಸಾಗಿಸಿ, ನದಿ ಮೇಲೆ ನಿಂತು ಕೂರಿಸಬೇಕು. ಈ ಕೆಲಸದ ಅರ್ಧ ಪುಸ್ತಕದಲ್ಲಿರುತ್ತೆ, ಇನ್ನರ್ಧ ಹತ್ತು ಸೈಟು ನೋಡಿದವರ ಕೈಯಲ್ಲಿ.

ಕಂಪನಿ ನಷ್ಟಕ್ಕೆ ಬಿತ್ತು. 2015ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಮುಚ್ಚೋಕೆ ಒಪ್ಪಿಗೆ ಕೊಡ್ತು. ನೌಕರರಿಗೆ ಸ್ವಯಂ ನಿವೃತ್ತಿ ಪ್ಯಾಕೇಜು, ಅದೂ 2007ರ ವೇತನ ಶ್ರೇಣಿಯನ್ನ ‘ಇದ್ದಂತೆ ಭಾವಿಸಿ’ ಹಾಕಿದ ಲೆಕ್ಕ. ಈ ಒಂದು ಮಾತಲ್ಲೇ ಅವರ ಕೊನೆಯ ವರ್ಷಗಳು ಹೆಂಗಿದ್ವು ಅಂತ ಅರ್ಥ ಆಗುತ್ತೆ. ಜಮೀನು, ಸುಮಾರು 82 ಎಕರೆ, ರಾಜ್ಯ ಸರ್ಕಾರಕ್ಕೆ ಕೊಡೋ ತೀರ್ಮಾನ ಆಯ್ತು. ಜಮೀನಿಗೆ ಎಕರೆ ಲೆಕ್ಕದಲ್ಲಿ ಬೆಲೆ ಕಟ್ಟಿದ್ರು. ಜನರ ತಲೆಯಲ್ಲಿದ್ದ ಕೆಲಸಕ್ಕೆ ಯಾವ ಕಾಲಮ್ಮೂ ಇರಲಿಲ್ಲ.

6/7
ಒಂಬತ್ತು ವರ್ಷ ಆದ್ಮೇಲೆ ಆ ಕಾಲಮ್ಮು ಎಷ್ಟು ದೊಡ್ಡದು ಅಂತ ಗೊತ್ತಾಯ್ತು. 2024ರ ಆಗಸ್ಟ್ 10ರ ರಾತ್ರಿ. ಡ್ಯಾಮ್ ತುಂಬಿತ್ತು. 33 ಗೇಟುಗಳಲ್ಲಿ 19ನೇದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಹಂಪಿ, ಕಂಪ್ಲಿ ಕಡೆ ನದಿ ಪಾತ್ರದವರಿಗೆ ಎಚ್ಚರಿಕೆ. ಗಂಗಾವತಿಯಿಂದ ಸಿರುಗುಪ್ಪದವರೆಗೆ ಭತ್ತದ ರೈತರ ಒಂದೇ ಚಿಂತೆ: ಇಡೀ ವರ್ಷದ ನೀರು ಕಣ್ಣೆದುರೇ ಹೋಗ್ತಿದೆ.

ಆಗ ಕರೆಸಿದ್ದು ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನ. ವಯಸ್ಸು ಎಂಬತ್ತರ ಹತ್ತಿರ. ಹಿಂದೆ ದುಡಿದಿದ್ದು ಎಲ್ಲಿ ಗೊತ್ತಾ? ಇದೇ ಟಿಎಸ್‌ಪಿಯಲ್ಲಿ. ಜಲಾಶಯ ಖಾಲಿ ಮಾಡೋವರೆಗೂ ಕಾಯದೆ, ಹರಿಯೋ ನೀರಲ್ಲೇ ಸ್ಟಾಪ್ ಲಾಗ್ ಇಳಿಸೋ ಪ್ಲಾನು. ಒಂದೊಂದೂ 60 ಅಡಿ ಅಗಲ, 4 ಅಡಿ ಎತ್ತರ, ಒಟ್ಟು ಐದು. ಹೊಸಪೇಟೆ, ತೋರಣಗಲ್ಲು ಕಡೆಯ ವರ್ಕ್‌ಶಾಪುಗಳಲ್ಲಿ ಹಗಲು ರಾತ್ರಿ ತಯಾರಾದವು. 16ಕ್ಕೆ ಮೊದಲನೇದು ಕೂತಿತು. 17ಕ್ಕೆ ಐದೂ ಕೂತವು.

ಹೀರೋ ಒಬ್ಬರೇ ಅಂತ ರೀಲ್ಸ್ ಹೇಳಿದ್ವು. ಅಲ್ಲಿದ್ದ ವೆಲ್ಡರ್‌ಗಳು, ಕ್ರೇನ್ ಆಪರೇಟರ್‌ಗಳು, ಗೇಟಿನ ಮೇಲೆ ಪ್ರಾಣ ಪಣಕ್ಕಿಟ್ಟು ಇಳಿದ ಕೆಲಸಗಾರರ ಹೆಸರು ಯಾವ ರೀಲಲ್ಲೂ ಬರಲಿಲ್ಲ. ಆದ್ರೂ ರಾಯರ ಕೆರೆಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಈ ಸಲ ಗೊತ್ತಿದ್ದವರ ಮಾತು ಕೇಳಿದ್ರು. ಅದೇ ಸೆಪ್ಟೆಂಬರಿನಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ದೋಣಿಗಳು ಬಡಿದು ಹಾನಿಯಾದಾಗಲೂ ನಾಯ್ಡು ಅವರನ್ನೇ ಕರೆದ್ರು. ಖುಷಿಯ ವಿಷಯ. ಭಯದ ವಿಷಯವೂ ಹೌದು: ಎಂಬತ್ತರ ಒಬ್ಬರನ್ನೇ ಎಷ್ಟು ಡ್ಯಾಮಿಗೆ ಕರೆಯೋದು? ಅವರಿಂದ ಕಲಿಯಬೇಕಾದ ಹುಡುಗ-ಹುಡುಗಿಯರು ಕೂರಬೇಕಾಗಿದ್ದ ಜಾಗಕ್ಕೇ ಬೀಗ ಬಿದ್ದಿತ್ತು.

7/7
ಈಗ ನಮ್ಮ ಪ್ರಶ್ನೆಗೆ ಬರೋಣ. ಕಲ್ಚರ್ ಅಂದ್ರೆ ಬೀನ್ ಬ್ಯಾಗು, ಫ್ರೀ ಪಿಜ್ಜಾ, “ನಾವೆಲ್ಲ ಒಂದೇ ಫ್ಯಾಮಿಲಿ” ಅನ್ನೋ ಮಾತಲ್ಲ. ಸಣ್ಣ ಕಂಪನಿಗೆ ಹೋಗ್ತಿದ್ರೆ ಈ ನಾಲ್ಕು ಕೇಳಿ:

▪️ ಇದು ಆಗಲ್ಲ ಅಂತ ಜೂನಿಯರ್ ಹೇಳಿದ್ರೆ ಯಾರಾದ್ರೂ ಕೇಳ್ತಾರಾ, ನಗ್ತಾರಾ?
▪️ ಪ್ರಾಜೆಕ್ಟ್ ಕೆಟ್ರೆ ಪ್ಲಾನು ಮಾಡಿದವರು ಉತ್ತರ ಕೊಡ್ತಾರಾ, ಕೆಳಗಿನವರ ತಲೆಗೆ ಕಟ್ತಾರಾ?
▪️ ಸೀನಿಯರ್ ಬಿಟ್ಟು ಹೋಗೋ ಮುಂಚೆ ಕೆಲಸ ಕಲಿಸಿ, ಬರೆದಿಟ್ಟು ಹೋಗ್ತಾರಾ?
▪️ ನನ್ನ ಕರಾರು ಬರಹದಲ್ಲಿ ಇದೆಯಾ?

ಕೊನೇದು ಉಪಕಾರ ಅಲ್ಲ, ಹಕ್ಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿದೆ. ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತು ಬರೆದ ನೇಮಕಾತಿ ಆದೇಶ ಕೊಡಲೇಬೇಕು. ಹತ್ತು ಅಥವಾ ಹೆಚ್ಚು ಜನ ಇರೋ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಬೇಕು, ಇದು 2013ರ ಕಾನೂನು. ಕಂಪನಿ ಸಣ್ಣದು ಅನ್ನೋ ನೆಪ ನಡೆಯಲ್ಲ.

ನಿಮ್ಮ ಮನೇಲಿ ಯಾರಾದ್ರೂ ಟಿಎಸ್‌ಪಿಯಲ್ಲೋ, ಡ್ಯಾಮಿನಲ್ಲೋ, ಸಂಡೂರಿನ ಗಣಿಯಲ್ಲೋ ಕೆಲಸ ಮಾಡಿದ್ರಾ? ತಾತ, ದೊಡ್ಡಪ್ಪ, ಮಾವ, ಯಾರೇ ಆಗ್ಲಿ. ಭಾನುವಾರ ಕೂತು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ. ಅವರ ಒಪ್ಪಿಗೆ ತಗೊಂಡು ಒಂದು ಸಾಲು ಇಲ್ಲಿ ಕಾಮೆಂಟ್ ಹಾಕಿ. ಅವರ ಕೆಲಸದ ಕಥೆ ಯಾವ ಗೆಜೆಟಿಯರಲ್ಲೂ ಸಿಗಲ್ಲ.

ಪ್ಲೇಸ್‌ಮೆಂಟಿಗೆ ಕೂತಿರೋ ಗೆಳೆಯರಿಗೆ ಶೇರ್ ಮಾಡಿ 🙏🏽

#ನಮ್ಮಹೊಸಪೇಟೆ #ಟಿಬಿಡ್ಯಾಮ್ #ಹಂಪಿ #ಕಂಪ್ಲಿ #ಸಂಡೂರು #ಊರಇತಿಹಾಸ