ಹೆಸರಿಗಷ್ಟೇ ವಜ್ರ
ಮರದ ಕಯಾಕ್ ಮಾಡುವವರು ತೆಳ್ಳನೆ ಪಟ್ಟಿಗಳನ್ನು ಅಚ್ಚಿನ ಮ್ಯಾಲೆ ಬಗ್ಗಿಸಿ, ಅಂಚಿಗೆ ಅಂಟು ಹಚ್ಚಿ, ಒಣಗೋತನ ಕ್ಲ್ಯಾಂಪ್ ಬಿಗಿದು ಇಡ್ತಾರೆ. ನಮ್ಮ ಸಾವಳಗಿ ಸೀಮೆಯ ಕೃಷ್ಣಾ ಹೊಳಿ ದಾಟಿಸುತ್ತಿದ್ದ ಹರಗೋಲೂ ಬಗ್ಗಿಸಿದ ಪಟ್ಟಿಗಳದ್ದೇ, ಬಿದಿರಿನವು. ಅಂಟು ಮಾತ್ರ ಇಲ್ಲ. ಯಾಕ?

ಬಡಿಗ್ಯಾರಿಗೆ ಅಂಟು ಗೊತ್ತಿರಲಿಲ್ಲ ಅಂತಲ್ಲ. ದನದ ಚರ್ಮ, ಎಲುಬು ಕುದಿಸಿ ತೆಗೆದ ಮರವಜ್ರ ಇತ್ತು. ಬಿಸಿ ಇದ್ದಾಗ ಹಚ್ಚಿ ಬಿಗಿದರೆ ಗಟ್ಟಿ ಹಿಡೀತಿತ್ತು. ಆದರೆ ಹೆಸರಿಗಷ್ಟೇ ವಜ್ರ, ನೀರಾಗ ನೆನೆದರೆ ಮೆತ್ತಗಾಗತೈತಿ. ಪೆಟ್ಟಿಗೆಗೆ ಸರಿ, ಹೊಳಿಗಲ್ಲ. ಹಾಗಾಗಿ ಹರಗೋಲಿನಲ್ಲಿ ಪಟ್ಟಿಗೆ ಪಟ್ಟಿಯೇ ಕ್ಲ್ಯಾಂಪ್: ಒಂದರ ಮ್ಯಾಲೆ, ಇನ್ನೊಂದರ ಕೆಳಗೆ ಹೆಣೆದರೆ ಒಂದನ್ನೊಂದು ಬಿಡಂಗಿಲ್ಲ. ಕುದಿಸಿದರೆ ನೀರಿಗೆ ಸೋಲುವ ಅದೇ ಚರ್ಮವನ್ನು ಕುದಿಸದೇ ಹೊರಗೆ ಹೊದಿಸಿದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥ ಬುಟ್ಟಿದೋಣಿ ನೋಡಿ, 15-20 ಮಂದಿ ಕೂಡ್ತಾರೆ, ಬೇಕಾದರೆ ಕುದುರೆ, ಎತ್ತೂ ದಾಟುತ್ತವೆ ಅಂತ ಬರೆದಿದ್ದಾನೆ. ಆ ಭಾರದ ಲೆಕ್ಕ ಹಾಕಿ ಹೆಣೆದವರನ್ನು ಯಾರೂ ಇಂಜಿನಿಯರ್ ಅನ್ನಲಿಲ್ಲ. ಕೋಡ್ ಬರೆಯುವ ನನ್ನನ್ನು ಅಂತಾರೆ!

ನೀರಿಗೆ ಜಗ್ಗದ ಎಪಾಕ್ಸಿ ಬಂದದ್ದು 20ನೇ ಶತಮಾನದಲ್ಲಿ. ಕಯಾಕ್ ಪಟ್ಟಿಗಳು ಅದನ್ನೇ ನಂಬಿ ನೀರಿಗಿಳಿದವು. ಹರಗೋಲಿಗೆ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು. ಹೆಣಿಗೆ ಹಂಗೇ ಐತಿ.